ಹಿಂದಿನಿಂದ ಓದಿದ ಊರು

ರದ್ದಿ ಕಾಗದದ ಡಬ್ಬಿ ಒಯ್ಯಲು ಗಾಡಿ ಬರುವ ದಿನ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಇಲ್ಲಿ ಡಚ್ಚರ ನಾಡಿನ ಆಲ್ಮೆರೆ ಊರಿನಲ್ಲಿ ಅದಕ್ಕೆಂದೇ ನೀಲಿ ಮುಚ್ಚಳದ ದೊಡ್ಡ ಡಬ್ಬಿ ಕೊಟ್ಟಿದ್ದಾರೆ. ಅದಕ್ಕೆ ಹಾಕುವ ಮೊದಲು ಒಂದೊಂದು ಹಾಳೆಯನ್ನೂ ತಿರುವಿ ನೋಡುತ್ತೇನೆ, ಯಾರಾದರೂ ಕೈಯಲ್ಲಿ ಬರೆದದ್ದು ಇದೆಯೇನೋ ಅಂತ. ಮಗಳು ನಗುತ್ತಾಳೆ. "ಅಮ್ಮಾ, ಅದು ಪಿಜ್ಜಾ ಅಂಗಡಿ ಜಾಹೀರಾತು. ಅದನ್ನೂ ಓದ್ತೀಯಾ?" ಡಚ್ಚು ಓದಲು ನನಗೆಲ್ಲಿ ಬರುತ್ತದೆ? ಆದರೂ ನೋಡುತ್ತೇನೆ.

ಹೋದ ವಾರ ಅವಳು ತನ್ನ ಶಾಲೆಯ ಹಳೆಯ ನೋಟುಬುಕ್ಕುಗಳನ್ನು ತಂದು ಡಬ್ಬಿಯ ಪಕ್ಕ ಇಟ್ಟಳು. ಒಂದರಲ್ಲಿ ಮೊದಲ ನಾಲ್ಕು ಪುಟ ಬರೆದು ಉಳಿದದ್ದೆಲ್ಲ ಖಾಲಿ. ಅದನ್ನು ಒಳಗೆ ತಂದೆ. ಮೇಜಿನ ಮೇಲಿಟ್ಟೆ, ಎದ್ದು ಕಪಾಟಿನಲ್ಲಿಟ್ಟೆ, ಮತ್ತೆ ತೆಗೆದೆ. ಶನಿವಾರ ನನ್ನ ತಮ್ಮ ಬರುವವನಿದ್ದಾನೆ. ಈ ಚಡಪಡಿಕೆಗೆಲ್ಲ ಅದೇ ಕಾರಣ.

ತಮ್ಮ ಧಾರವಾಡದಲ್ಲಿ ಹೈಸ್ಕೂಲಿಗೆ ಚರಿತ್ರೆ ಕಲಿಸುತ್ತಾನೆ. ನಾನು ಐದನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಇಲ್ಲಿಯ ಕನ್ನಡ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತೇನೆ. ಹೂಫ್‌ಡಾರ್ಪ್‌ನಿಂದ ರೈಲು ಹತ್ತಿ ಬಂದು ಒಯ್ಯುವವರಿದ್ದಾರೆ. "ಆಂಟಿ, ಇಷ್ಟು ಸಾಫ್ಟ್ ಹೇಗೆ ಮಾಡ್ತೀರಿ?" ಅಂತ ಕೇಳುತ್ತಾರೆ. ರೊಟ್ಟಿ ಕಲಿತ ತವರಿನ ಒಲೆಯಲ್ಲಿ ನಾನು ಏನೇನು ಉರಿಸಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ನಮ್ಮದು ಬೆಳಗಾವಿ ಕಡೆಯ ಹಳ್ಳಿ. ಅಜ್ಜ ಪಲ್ಟನ್ನಿನಲ್ಲಿದ್ದವನು, ಎರಡನೆಯ ದೊಡ್ಡ ಯುದ್ಧದಲ್ಲಿ ಇಟಲಿಗೆ ಹೋಗಿ ಬಂದವನು. ಅಲ್ಲಿ ಗುಡ್ಡದ ಮೇಲಿನ ಒಂದು ಸಣ್ಣ ಊರಿನಲ್ಲಿ, ರೊಟ್ಟಿ ಭಟ್ಟಿಯವನೊಬ್ಬನ ಮನೆಯಲ್ಲಿ, ಇಡೀ ಚಳಿಗಾಲ ಕಳೆದಿದ್ದನಂತೆ. ತಾನು ಬರುವ ಮೊದಲು ಆ ಊರಿಗೆ ಏನೇನಾಯಿತೆಂದು ಭಟ್ಟಿಯವನಿಂದ ಕೈಸನ್ನೆಯಲ್ಲಿ, ಅರೆಬರೆ ಮಾತಿನಲ್ಲಿ ತಿಳಿದುಕೊಂಡಿದ್ದ. ನಮಗೆ ಹೇಳುವಾಗ ಅದು ಬರೀ "ನಮ್ಮ ಗುಡ್ಡದೂರು". ಒಂದು ಬೇಸಿಗೆಯ ರಜೆಯಲ್ಲಿ ತಮ್ಮ ಅದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟ. ಊರಿನ ನಿಜವಾದ ಹೆಸರನ್ನು ಅಜ್ಜ ತಾನೇ ಮೊದಲ ಪುಟದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ. ಆ ಹೆಸರು ಇದ್ದದ್ದು ಅದೊಂದೇ ಕಡೆ.

ಅಜ್ಜ ಹೇಳುತ್ತಿದ್ದದ್ದು ಬೆಳಗಿನ ಹೊತ್ತು, ಅಡುಗೆಮನೆಯಲ್ಲೇ. ನಾನು ಒಲೆಯ ಮುಂದೆ ಇರುತ್ತಿದ್ದೆ. ಆದರೆ ರೊಟ್ಟಿ ಬಡಿಯುವ ಸಪ್ಪಳದಲ್ಲಿ ಅರ್ಧ ಮಾತು ಹೋಗಿಬಿಡುತ್ತಿತ್ತು. ಹೇಳುವ ಅಜ್ಜನಿಗೂ ಬರೆಯುವ ತಮ್ಮನಿಗೂ ಅದರಿಂದ ತೊಂದರೆಯೇ. "ಸಾವಕಾಶ ಬಡೀಯಕ್ಕಾ, ಏನೂ ಕೇಳವಲ್ದು" ಎಂದು ತಮ್ಮ ಸಿಡುಕುತ್ತಿದ್ದ. ಮೆತ್ತಗೆ ಬಡಿದರೆ ರೊಟ್ಟಿ ಹರಿಯುತ್ತದೆ. ಅದಕ್ಕೆ ಅವ್ವನ ಬೈಗುಳ ಬೇರೆ. ನನಗಿಂತ ಎರಡು ವರ್ಷ ಚಿಕ್ಕವನು, ಅವನ ಕೈಯಲ್ಲಿ ಪೆನ್ನು. ನನ್ನ ಕೈಯಲ್ಲಿ ಹಿಟ್ಟು.

ರಜೆ ಮುಗಿದು ಅವನು ಹಾಸ್ಟೆಲ್ಲಿಗೆ ಹೋದ. ನೋಟುಬುಕ್ಕು ಅಡುಗೆಮನೆಯ ಗೂಡಿನಲ್ಲಿ ಉಳಿಯಿತು. ಮಳೆಗಾಲ, ಹಸಿ ಕಟ್ಟಿಗೆ, ಒಲೆ ಹತ್ತುತ್ತಿರಲಿಲ್ಲ. ಹಿಂದಿನ ಖಾಲಿ ಹಾಳೆಗಳನ್ನು ದಿನಕ್ಕೊಂದರಂತೆ ಹರಿದೆ. ಅದರಲ್ಲಿ ತಪ್ಪೇನಿಲ್ಲ ಅಂದುಕೊಂಡೆ. ಒಂದು ದಿನ ಖಾಲಿ ಹಾಳೆ ಮುಗಿದು ಬರೆದ ಹಾಳೆ ಬಂತು. ನಿಂತೆ, ಓದಿದೆ, ಹರಿದು ಒಲೆಗಿಟ್ಟೆ.

ಓದಿ ಅಲ್ಲೇ ಬಿಡಬಹುದಿತ್ತಲ್ಲ ಎನ್ನುತ್ತೀರಿ. ಬಿಡಬಹುದಿತ್ತು. ಗೂಡಿನ ಪಕ್ಕದಲ್ಲಿ ಒಣಗಿದ ತೆಂಗಿನ ಸಿಪ್ಪೆಯೂ ಇತ್ತು. ನನಗೆ ಆ ಹಾಳೆಯನ್ನೇ ಸುಡಬೇಕಾಗಿತ್ತು, ಅಷ್ಟೇ.

ಹೀಗೆ ಒಂದು ಊರಿನ ಚರಿತ್ರೆಯನ್ನು ನಾನು ಹಿಂದಿನಿಂದ ಓದಿದೆ. ಮೊದಲ ದಿನ ಅಜ್ಜನ ಪಲ್ಟನ್ನು ಊರು ಬಿಟ್ಟಿತು. ಭಟ್ಟಿಯವನು ಬಿಸಿ ರೊಟ್ಟಿಯೊಂದನ್ನು ಅಜ್ಜನ ಕೋಟಿನೊಳಗೆ ತುರುಕಿದ. ಮರುದಿನ ಅದೇ ಪಲ್ಟನ್ನು ಊರೊಳಗೆ ಬಂತು, ಮುಚ್ಚಿದ ಕಿಟಕಿಗಳು ತೆರೆದವು. ಮೂರನೆಯ ದಿನ ಜರ್ಮನ್ ಸೈನಿಕರು ಹೋಗುತ್ತ ಹೊಳೆಯ ಸೇತುವೆ ಹಾರಿಸಿದರು. ಆಮೇಲಿನ ಪುಟದಲ್ಲಿ ಗೋಧಿ ಬಚ್ಚಿಟ್ಟ ತಪ್ಪಿಗೆ ಭಟ್ಟಿಯವನ ತಮ್ಮನನ್ನು ಚೌಕದಲ್ಲಿ ನಿಲ್ಲಿಸಿ ಗುಂಡು ಹಾಕಿದ್ದರು. ಆ ದಿನ ನನ್ನ ರೊಟ್ಟಿಗಳೆಲ್ಲ ಹೊತ್ತಿದವು. ಎರಡು ದಿನ ಬಿಟ್ಟರೆ ಅವನು ಬದುಕಿದ್ದಾನೆ! ಇಗರ್ಜಿಯ ಗಂಟೆಯನ್ನು ಸೈನಿಕರ ಕೈಗೆ ಸಿಗದಂತೆ ಹುಲ್ಲಿನ ಬಣವೆಯಲ್ಲಿ ಹುಗಿಯುತ್ತಿದ್ದಾನೆ. ಇನ್ನೂ ಸ್ವಲ್ಪ ದಿನಕ್ಕೆ ಸೈನಿಕರೇ ಬಂದಿಲ್ಲ, ಗೋಧಿ ರಾಶಿ ಬಿದ್ದಿದೆ, ಅವನ ಮದುವೆ ನಡೆದಿದೆ, ಸೇತುವೆಯ ಮೇಲೆ ದಿಬ್ಬಣ.

ಉಳಿದದ್ದು ಮೊದಲ ಪುಟ. ಅದನ್ನು ಹರಿದು ಕೈಯಲ್ಲಿ ಹಿಡಿದಾಗ ಬಾಗಿಲಲ್ಲಿ ಅಜ್ಜನ ನೆರಳು ಬಿತ್ತು. ಅಂಜಿ, ಓದದೆಯೇ, ಬೆಂಕಿಗೆ ತುರುಕಿದೆ. ಅಜ್ಜ ಒಲೆ ನೋಡಿದ, ಗೂಡಿನಲ್ಲಿದ್ದ ಬರೀ ರಟ್ಟು ನೋಡಿದ. "ರೊಟ್ಟಿ ಆದುವೇನವಾ?" ಎಂದ.

ದೀಪಾವಳಿಗೆ ತಮ್ಮ ಬಂದು ಹುಡುಕಿದಾಗ ಅಜ್ಜನೇ ಹೇಳಿದ, "ಗೆದ್ದಲ ತಿಂದಾವೋ ತಮ್ಮಾ." ತಮ್ಮ ಅತ್ತು ಕರೆದು, ಇನ್ನೊಮ್ಮೆ ಹೇಳು ಎಂದು ಗಂಟುಬಿದ್ದ. "ತಿಂದದ್ದು ತಿಂತು, ಬಿಡು" ಎಂದ ಅಜ್ಜ, ಸಾಯುವವರೆಗೂ ಆ ಊರಿನ ಮಾತು ಮತ್ತೆ ಎತ್ತಲಿಲ್ಲ. ನನಗೆ ಒಂದು ಏಟು ಹೊಡೆದಿದ್ದರೆ ಇಷ್ಟು ವರ್ಷ ಹೀಗೆ ಎದ್ದು ಕೂತು ಮಾಡುತ್ತಿರಲಿಲ್ಲವೇನೋ.

ಈಗ ತಮ್ಮ ಬರುತ್ತಿರುವುದು ನನ್ನನ್ನು ನೋಡಲಿಕ್ಕಷ್ಟೇ ಅಲ್ಲ. ಇಲ್ಲಿಂದ ರೈಲು ಹಿಡಿದು ಇಟಲಿಗೆ ಹೋಗಿ ಆ ಊರು ಹುಡುಕುತ್ತಾನಂತೆ. ಮೊನ್ನೆ ಫೋನಿನಲ್ಲಿ ಕೇಳಿದ, "ಅಕ್ಕಾ, ಹೆಸರು ನಿನಗರ ನೆನಪೈತೇನ? ನೀ ಅಲ್ಲೇ ಇರ್ತಿದ್ದೆಲ್ಲ."

ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಾಲ್ಕು ಸಲ ಅಡ್ಡಾಡಿದೆ. ಆಮೇಲೆ ಎಲ್ಲ ಹೇಳಿದೆ.

"ಅಂದ್ರ ಇಷ್ಟ ವರ್ಷ ನಾ ಗೆದ್ದಲಕ್ಕ ಬೈದೆ" ಎಂದ ತಮ್ಮ.

"ಈಗ ನನಗ ಬೈ."

"ಬಂದು ಬೈತೀನಿ. ಫೋನಿನ್ಯಾಗ ಸಾಲಂಗಿಲ್ಲ." ಆಮೇಲೆ ಬಹಳ ಮೆತ್ತಗೆ ಕೇಳಿದ, "ಆ ಗಂಟಿ ಎಲ್ಲಿ ಹುಗಿದಿದ್ರು? ನಂಗ ಅದೂ ಮರ್ತೈತಿ."

"ಬಣವ್ಯಾಗ" ಎಂದೆ. ಅವನು ಫೋನು ಇಟ್ಟುಬಿಟ್ಟ.

ಅಂದಿನಿಂದ ಮಗಳ ಆ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರಗಳು ಎಲ್ಲೆಲ್ಲಿಗೋ ಬೀಳುತ್ತವೆ, ನೋಡಿದರೆ ಮೇಷ್ಟ್ರಾದ ತಮ್ಮ ನಗುತ್ತಾನೆ. ನಗಲಿ. ಕೊನೆಯ ಪುಟದಿಂದ ಶುರು ಮಾಡಿದ್ದೇನೆ, ನನಗೆ ಆ ಊರು ಗೊತ್ತಿರುವುದೇ ಹಾಗೆ. ನಿನ್ನೆ ಸೇತುವೆ ಮುರಿದು ಬಿದ್ದಲ್ಲಿಗೆ ಬಂದಿದ್ದೆ. ಇವತ್ತು ರೊಟ್ಟಿ ಇಲ್ಲವೆಂದು ಗಿರಾಕಿಗಳಿಗೆಲ್ಲ ಹೇಳಿ, ಚೌಕದ ಪುಟವನ್ನು ಬರೆದು ಮುಗಿಸಿದೆ. ಮಗಳು ಬರೆದ ನಾಲ್ಕು ಪುಟ ಬಿಟ್ಟು, ನನ್ನ ಮೊದಲ ಪುಟದಲ್ಲಿ ಊರಿನ ಹೆಸರಿನ ಜಾಗ ಖಾಲಿಯೇ ಇರುತ್ತದೆ. ಅದನ್ನು ನಾನು ತುಂಬಲಾರೆ. ಆದರೆ ಶನಿವಾರಕ್ಕೆ ಇನ್ನೂ ಎರಡು ದಿನವಿದೆ. ಅಷ್ಟರೊಳಗೆ ಭಟ್ಟಿಯವನ ತಮ್ಮ ಬದುಕಿ ಎದ್ದಿರಬೇಕು.