ಕೇಬಲ್ಲಿನ ತಪ್ಪಲ್ಲ

ನಮ್ಮ ಮನೆಯ ಟಿವಿಯ ಮುಖ ಎಷ್ಟು ಲಕ್ಷಣವಾಗಿದೆಯೋ ಬೆನ್ನು ಅಷ್ಟೇ ಅಧ್ವಾನವಾಗಿದೆ. ಕಪ್ಪು, ಬಿಳಿ, ಬೂದು ಬಣ್ಣದ ವೈರುಗಳು ಧೂಳು ಹೊದ್ದು ಒಂದರ ಮೇಲೊಂದು ಬಿದ್ದುಕೊಂಡಿವೆ. ಒಂದನ್ನು ಎಳೆದರೆ ಉಳಿದವೆಲ್ಲ ಎದ್ದು ಬರುತ್ತವೆ. ಆ ಗೋಜಲಿನೊಳಗಿನ ಒಂದು ಕೇಬಲ್ಲಿನ ಮಾನ ಕಾಪಾಡಲು ಟೊಂಕ ಕಟ್ಟಿ ನಿಂತವನು ನಾನು. ಪ್ಲೇಯರಿನಿಂದ ಟಿವಿಗೆ ಚಿತ್ರವನ್ನೂ ಸದ್ದನ್ನೂ ಒಟ್ಟಿಗೇ ಒಯ್ಯುವ ಎಚ್‌ಡಿಎಂಐ ಕೇಬಲ್ ಅದು. ಗಂಗಾವತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಇಂಥ ಪರೋಪಕಾರದ ಚಟ ಮೊದಲಿನಿಂದಲೂ ಇದೆ. ಕೇಳದವರಿಗೂ ಪಾಠ ಹೇಳಿ ಹೇಳಿಯೇ ನನ್ನ ಗಂಟಲು ಕೆಟ್ಟಿದೆ.

ಟಿವಿ ಬಂದದ್ದು ಮುನಿರಾಬಾದಿನಿಂದ. ಅಲ್ಲಿನ ಗೆಳೆಯನೊಬ್ಬ ವರ್ಗವಾಗಿ ಹೊರಟಾಗ, ಸಾಗಿಸುವ ತಾಪತ್ರಯ ಬೇಡವೆಂದು ತನ್ನ ತ್ರೀಡಿ ಟಿವಿಯನ್ನು ಪ್ಲೇಯರು, ಎರಡು ಕನ್ನಡಕ, ಕಡಲ ಮೀನುಗಳ ಒಂದು ಡಿಸ್ಕು ಸಮೇತ ನಮ್ಮ ಮನೆಗೆ ದಾಟಿಸಿದ. ಆ ಕಪ್ಪು ಕನ್ನಡಕ ಹಾಕಿಕೊಂಡರೆ ಮೀನುಗಳು ಪರದೆ ದಾಟಿ ನಮ್ಮ ಮೂಗಿನ ತನಕ ಈಜಿ ಬರುತ್ತವೆ. ಅಂಥ ಟಿವಿ ತಯಾರಿಸುವುದನ್ನು ಕಂಪನಿಗಳು ನಿಲ್ಲಿಸಿ ಎಷ್ಟೋ ವರ್ಷಗಳಾದವು. ಆಧುನಿಕತೆ ನಮ್ಮ ಮನೆಗೆ ಯಾವಾಗಲೂ ತನ್ನ ನಿವೃತ್ತಿಯ ನಂತರವೇ ಬರುತ್ತದೆ. ಕೇಬಲ್ ಮಾತ್ರ ಜೊತೆಗೆ ಬಂದಿರಲಿಲ್ಲವಾಗಿ ಮನೆಯಲ್ಲಿದ್ದ ಹಳೆಯದನ್ನೇ ಸಿಕ್ಕಿಸಿದೆ.

ಭಾನುವಾರದ ಮೊದಲ ಪ್ರದರ್ಶನಕ್ಕೆ ಕುಷ್ಟಗಿಯಿಂದ ನನ್ನ ಷಡ್ಡಕ ವಿರುಪಣ್ಣ ಬಂದಿದ್ದ. ನನ್ನ ಹೆಂಡತಿ ಶಿವಲೀಲಾ ಎಂದಿನಂತೆ ಚಹಾ ಸುರಿದಳು. ಯಲಬುರ್ಗಾದ ಅವಳ ತವರಿನಲ್ಲಿ ಚಹಾ ಕಪ್ಪು ಮೀರಿ ಕೆಳಗಿನ ಬಸಿಗೆ ಇಳಿದರೇನೇ ಬಂದವರಿಗೆ ಮರ್ಯಾದೆ. ಈಚೆಗೆ ಆ ಮರ್ಯಾದೆ ಬಸಿಯನ್ನೂ ದಾಟಿ ಟ್ರೇ ತುಂಬ ಹರಿಯುತ್ತಿತ್ತು. ವಯಸ್ಸಾದಂತೆ ಅವಳ ಕೈ ಇನ್ನಷ್ಟು ಧಾರಾಳವಾಗುತ್ತಿದೆ ಎಂದು ಬೀಗರೆಲ್ಲ ಕೊಂಡಾಡುತ್ತಿದ್ದರು, ನಾನೂ ಹೆಮ್ಮೆಪಡುತ್ತಿದ್ದೆ.

ಮೀನುಗಳನ್ನು ನಾನು ನೋಡಿ ಬೆರಗಾದೆ, ವಿರುಪಣ್ಣ ನೋಡಿ ಹಿಂದಕ್ಕೆ ಸರಿದ. ಶಿವಲೀಲಾ ಮಾತ್ರ ಕನ್ನಡಕ ಏರಿಸಿಕೊಂಡು, "ನನಗೇನೂ ಹೊರಗ ಬರವಲ್ದು, ಮೀನು ಗಾಜಿನ್ಯಾಗ ಅದಾವ" ಎಂದಳು. ವಿರುಪಣ್ಣನಿಗೆ ರೋಗ ತಕ್ಷಣ ತಿಳಿಯಿತು.

"ಕೇಬಲ್ ಹಳೇದೈತ್ರಿ ಅಣ್ಣಾರ. ಇಬ್ಬರ ಮಟ್ಟಿಗೆ ತಾಳತೈತಿ, ಮೂರನೇದವ್ರಿಗೆ ಸಾಲೂದಿಲ್ಲ. ತ್ರೀಡಿಗೆ ಒಂದು ಪಾಯಿಂಟ್ ನಾಕು ನಂಬರಿಂದು ಬೇಕ್ರಿ."

ಓದುಗ ಮಿತ್ರರೇ, ಇಂಥ ಮಾತು ಕೇಳಿ ಸುಮ್ಮನಿರುವ ಜೀವ ನನ್ನದಲ್ಲ. ಆ ನಂಬರು, ಅಂದರೆ ಎಚ್‌ಡಿಎಂಐನ ಆವೃತ್ತಿ, ಇರುವುದು ಟಿವಿಗೆ, ಪ್ಲೇಯರಿಗೆ, ಕೇಬಲ್ಲಿಗಲ್ಲ; ಅಂಗಡಿಯವರು ಪಾಕೀಟಿನ ಮೇಲೆ ಏನೇ ಅಚ್ಚು ಹಾಕಿಸಲಿ, ಕೇಬಲ್ಲಿಗೆ ಬೇಕಾದದ್ದು ವೇಗವಾಗಿ ಒಯ್ಯುವ ತಾಕತ್ತು ಮಾತ್ರ. ಶ್ರೀರಾಮನಗರದ ಕಾಲುವೆ ನೀರು ಹರಿಸುತ್ತದೆಯೇ ಹೊರತು ಹೊಲದಲ್ಲಿ ಭತ್ತವೋ ಜೋಳವೋ ಎಂದು ಅದು ತೀರ್ಮಾನಿಸುವುದಿಲ್ಲ. ಎರಡು ತುದಿಯ ಯಂತ್ರಗಳಿಗೂ ತ್ರೀಡಿ ಗೊತ್ತಿದ್ದರೆ ಹಳೆಯ ಹೈಸ್ಪೀಡ್ ಕೇಬಲ್ಲೇ ಸಾಕು, ಗೊತ್ತಿಲ್ಲದಿದ್ದರೆ ಚಿನ್ನದ ಕೇಬಲ್ ತಂದರೂ ಮೀನು ಹೊರಗೆ ಬರುವುದಿಲ್ಲ. ಇಷ್ಟೆಲ್ಲ ಹೇಳಿದ ಮೇಲೂ ವಿರುಪಣ್ಣ ನಕ್ಕ. ಶಿವಲೀಲಾ ತಂಗಿಯ ಗಂಡನ ಪಕ್ಷ ವಹಿಸಿದಳು.

ನನ್ನ ವಿಜ್ಞಾನಕ್ಕೆ ಅವಮಾನವಾಯಿತು. ಕನ್ನಡಕ ಅದಲು ಬದಲು ಮಾಡಿದೆ. ಅವಳದರಲ್ಲೂ ನನಗೆ ಮೀನು ಮೂಗಿಗೇ ಬಂತು. ಒಂದು ಗಾಜೇನಾದರೂ ಆಗಾಗ ಕೈಕೊಡುತ್ತಿರಬಹುದೆಂದು, ಅವಳು ಹಾಕಿಕೊಂಡಿದ್ದ ಕನ್ನಡಕದ ಎಡಗಾಜಿಗೆ ಅಂಗೈ ಅಡ್ಡ ಹಿಡಿದೆ. "ಕಾಣತೈತಿ" ಎಂದಳು. ಬಲಗಾಜಿಗೆ ಹಿಡಿದೆ.

"ಟಿವಿ ಯಾಕ ಬಂದ್ ಮಾಡಿದ್ರಿ?" ಎಂದಳು.

ಟಿವಿ ನಡೆಯುತ್ತಲೇ ಇತ್ತು, ಮೀನುಗಳು ಈಜುತ್ತಲೇ ಇದ್ದವು. ಕನ್ನಡಕ ತೆಗೆಸಿ, ಬಲಗಣ್ಣು ಮುಚ್ಚಿ, ಎಡಗಣ್ಣಿನ ಮುಂದೆ ಬೆರಳು ಆಡಿಸಿದೆ. ಬೆಳಕಷ್ಟೇ ಕಾಣುತ್ತದೆ, ಬೆರಳಿಲ್ಲ ಎಂದಳು. ಒಂದು ಕಣ್ಣು ಇನ್ನೊಂದರ ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತಿದ್ದುದರಿಂದ ಅವಳಿಗೇ ಅದು ತಿಳಿದಿರಲಿಲ್ಲ. ಎರಡು ಕಣ್ಣು ಕಂಡ ಎರಡು ಚಿತ್ರಗಳನ್ನು ಮನಸ್ಸು ಕೂಡಿಸಿದಾಗಲೇ ದೂರ, ಹತ್ತಿರ ಸರಿಯಾಗಿ ತಿಳಿಯುವುದೆಂದು ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಹೇಳುವವನು ನಾನು. ಟ್ರೇ ತುಂಬ ನಿಂತ ಚಹಾದ ಕಡೆ ಕಣ್ಣು ಹೋಯಿತು. ನಾವೆಲ್ಲ ಧಾರಾಳತನವೆಂದು ಹೊಗಳಿ ಕುಡಿದದ್ದು ಅವಳ ಕುರುಡನ್ನು. ನನಗೆ ಭಯವಾಯಿತು, ವಿರುಪಣ್ಣನೂ ಕೇಬಲ್ಲಿನ ಮಾತು ಬಿಟ್ಟ.

ಕೊಪ್ಪಳದ ಕಣ್ಣಿನ ಡಾಕ್ಟರು ಪೊರೆ ಬಲಿತಿದೆ, ಅದನ್ನು ತೆಗೆಯುವವರೆಗೂ ಹಿಂದಿನ ನರ ಹೇಗಿದೆಯೋ ಖಾತ್ರಿ ಹೇಳಲಾರೆ ಎಂದರು. ಆಪರೇಷನ್ನಾಗಿ ಪಟ್ಟಿ ಬಿಚ್ಚುವವರೆಗೆ ನಾನು ಯಾರಿಗೂ ಯಾವ ಪಾಠವನ್ನೂ ಹೇಳಲಿಲ್ಲ. ಪಟ್ಟಿ ಬಿಚ್ಚಿ ಡಾಕ್ಟರು ಬಲಗಣ್ಣು ಮುಚ್ಚಿಸಿದಾಗ ಶಿವಲೀಲಾ ಎಡಗಣ್ಣಿನಿಂದಲೇ ನನ್ನನ್ನು ದಿಟ್ಟಿಸಿ, "ಗಡ್ಡ ಯಾಕ ಬಿಟ್ಟೀರಿ?" ಎಂದಳು. ನಾನು ಅಲ್ಲೇ ಅತ್ತುಬಿಟ್ಟೆ.

ಮೊನ್ನೆ ವಿರುಪಣ್ಣ ಮತ್ತೆ ಬಂದ, ಹೊಸ ಕೇಬಲ್ ಹಿಡಿದುಕೊಂಡು. ಅವನು ಕಾಲು ತೊಳೆಯಲು ಹೋದಾಗ ಅದನ್ನು ಬಿಚ್ಚದೆ ಕಪಾಟಿನ ಮೇಲಿಟ್ಟು ಮೀನುಗಳನ್ನು ಬಿಟ್ಟೆ. ಶಿವಲೀಲಾ ಕನ್ನಡಕ ಹಾಕಿಕೊಂಡವಳು, ಎದುರು ನುಗ್ಗಿದ ಮೀನಿಗೆ ಬೆದರಿ ತಲೆ ಹಿಂದಕ್ಕೆಳೆದಳು. ಚಹಾ ಬಂದಾಗ ವಿರುಪಣ್ಣ ಇನ್ನೂ ಗೆದ್ದ ಖುಷಿಯಲ್ಲೇ ಇದ್ದ.

"ನಾ ಅವತ್ತ ಹೇಳಿದ್ದಿಲ್ಲೇನ್ರಿ, ಕೇಬಲ್ ಬದಲಿ ಮಾಡ್ರಿ ಅಂತ?"

ಟಿವಿಯ ಬೆನ್ನಿಗೆ ಅದೇ ಹಳೆಯ ಕೇಬಲ್ ಇದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಶಿವಲೀಲಾ ಅವನ ಕಪ್ಪು ತುಂಬಿಸಿ, ಒಂದು ಗಳಿಗೆ ತಡೆದು, ತವರಿನ ಮರ್ಯಾದೆಗೆಂದು ಬೇಕೆಂದೇ ಇನ್ನಷ್ಟು ಸುರಿದಳು. ಚಹಾ ಬಸಿಯ ಅಂಚಿನವರೆಗೆ ಬಂದು ನಿಂತಿತು. ಕೆಳಗಿನ ಟ್ರೇ ಒಣಗಿಯೇ ಇತ್ತು. ನಾನು ಹಾಗೇ ಬಾಯಿ ಮುಚ್ಚಿದೆ.