ಪನಿ ರೈಟರು ಬೇಗೂರಿಗೆ ಹೋದದ್ದು

ಜನವರಿಯ ಒಂದು ಬೆಳಿಗ್ಗೆ ಹೆಗ್ಗಡದೇವನಕೋಟೆಯ ಬಸ್ ನಿಲ್ದಾಣದಲ್ಲಿ ವಯನಾಡಿನ ಮಾನಂತವಾಡಿ ಬಸ್ಸಿಗೆ ಕಾಯುತ್ತಿದ್ದೆ. ಬಟ್ಟೆಚೀಲದಲ್ಲಿ ಮಗಳಿಗೆಂದು ರಾಗಿಹಿಟ್ಟು, ಸೊಗಡಿನ ಅವರೆಕಾಯಿ, ಮೇಲೊಂದು ಇಸ್ತ್ರಿ ಮಾಡಿದ ಅಂಗಿ. ಅಂಗಿ ಮಾರನೆಯ ದಿನಕ್ಕೆ. ಹತ್ತನೇ ತರಗತಿಗೇ ಓದು ನಿಲ್ಲಿಸಿದ ನನ್ನನ್ನು ಕಾಲೇಜಿನಲ್ಲಿ ಪಾಠ ಹೇಳಲು ಕರೆದಿದ್ದರು.

ಕರೆದವಳು ಮಗಳ ಮಗಳು ಶ್ರುತಿ. ಮಾನಂತವಾಡಿ ಕಡೆಯ ಒಂದು ಕಾಲೇಜಿನಲ್ಲಿ ಕೃಷಿ ವ್ಯಾಪಾರ ಓದುವ ಮಕ್ಕಳಿಗೆ ಅವಳು ಮ್ಯಾನೇಜ್‌ಮೆಂಟಿನ ಮೊದಲ ಪಾಠಗಳನ್ನು ಹೇಳಿಕೊಡುತ್ತಾಳೆ. "ತಾತ, ನೀವು ತೃಶ್ಶಿಲೇರಿ ತೋಟದಲ್ಲಿ ರೈಟರಾಗಿದ್ರಲ್ಲ, ಅದನ್ನೇ ಬಂದು ಹೇಳಿ. ಪುಸ್ತಕದಲ್ಲಿರೋದನ್ನ ನಾನು ಹೇಳ್ತೀನಿ" ಎಂದು ಫೋನಿನಲ್ಲಿ ಹಟ ಹಿಡಿದಳು. ನಾನು ಒಲ್ಲೆ ಎಂದೇ ಹೇಳುತ್ತಿದ್ದೆ. ಆಗ ಅವಳು ಇನ್ನೊಂದು ಮಾತು ಹೇಳಿದಳು. "ಕ್ಲಾಸಲ್ಲಿ ಇಲ್ಲೇ ಕಾಡೊಳಗಿನ ಬೇಗೂರಿಂದ ಬರೋ ರಜನಿ ಅಂತ ಒಬ್ಬಳಿದ್ದಾಳೆ. ಅವಳ ಅಜ್ಜಿ ಆ ತೋಟದಲ್ಲೇ ಇದ್ದಳಂತೆ, ಬೊಮ್ಮಿ ಅಂತ. ನಿಮ್ಮ ಹೆಸರು ಹೇಳಿದ ಕೂಡಲೇ, ಓ ನಮ್ಮ ಪನಿ ರೈಟರಾ ಅಂದಳಂತೆ."

ಮಲಯಾಳದಲ್ಲಿ 'ಪಣಿ' ಎಂದರೆ ಕೆಲಸ. ಕೆಲಸದ ರೈಟರು ಎಂದು ಜನ ಇಷ್ಟು ವರ್ಷದ ಮೇಲೂ ನೆನೆಯುತ್ತಾರಲ್ಲ ಎಂದು ಒಂದು ಗಳಿಗೆ ಎದೆಯುಬ್ಬಿತು. ಮರುಗಳಿಗೆಗೆ ಆ ಇನ್ನೊಂದು ಹೆಸರು ಕಿವಿಗೆ ನಾಟಿತು. ಬೊಮ್ಮಿ. ಬರುತ್ತೇನೆ ಎಂದುಬಿಟ್ಟೆ.

ಬಸ್ಸು ಬಂತು. ಮಗಳ ಊರು ಕಾಟಿಕುಳಕ್ಕೆ ಟಿಕೆಟ್ ನೂರು ರೂಪಾಯಿಯೊಳಗೇ ಆಯಿತು. ಅಂತರಸಂತೆ ದಾಟಿ ಕಾಡು ಶುರುವಾಗುವಾಗ ಇನ್ನೂ ಮಂಜು ಬಿಟ್ಟಿರಲಿಲ್ಲ. ಪಕ್ಕದಲ್ಲಿ ಕೂತಿದ್ದವರು ಪುಲ್ಪಳ್ಳಿಯ ರೈತರು. ನಮ್ಮ ತಾಲ್ಲೂಕಿನಲ್ಲಿ ಗುತ್ತಿಗೆಗೆ ಹೊಲ ಹಿಡಿದು ಶುಂಠಿ ಬೆಳೆಯುತ್ತಾರೆ. "ನಿಮ್ಮ ಮಣ್ಣ್ ನಲ್ಲದು ಚೇಟ್ಟಾ, ನಿಮ್ಮ ಕರೆಂಟ್ ಮಾತ್ರ ಸರಿ ಇಲ್ಲ" ಎಂದರು. ಎರಡು ಭಾಷೆಯನ್ನೂ ಕಲಸಿ, ಒಂದು ಚೂರೂ ಅಳುಕದೆ ಮಾತಾಡುವ ಅವರ ರೀತಿ ಕಂಡು ಹೊಟ್ಟೆಕಿಚ್ಚಾಯಿತು.

ಬಳ್ಳೆಯ ಆನೆ ಶಿಬಿರ ಕಳೆದು ಬಾವಲಿ ಬರುವವರೆಗೂ ನಾನು ಕಿಟಕಿಯ ಕಡೆಗೇ ತಿರುಗಿದ್ದೆ. ನನ್ನ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದಿನದು ಅದಿಲ್ಲದೆ ಅರ್ಥವಾಗುವುದಿಲ್ಲ.

ತೋಟದಲ್ಲಿ ರೈಟರೆಂದರೆ ಹಾಜರಿ ಹಿಡಿದು, ಯಾರು ಯಾವ ಸಾಲಿಗೆ ಎಂದು ಹಂಚಿ, ಕೆಲಸ ಮಾಡಿಸುವವನು. ಹರೆಯದಲ್ಲೇ ಆ ಪಟ್ಟ ಸಿಕ್ಕಿತ್ತು. ಒಂದು ಕಾಫಿ ಕುಯ್ಲಿನ ನಡುವೆ ಬೊಮ್ಮಿ ಎಂಬ ಹೆಂಗಸು ಬಂದು ಕೈಕಟ್ಟಿ ನಿಂತು, "ಎನಿಕ್ಕ್ ಪನಿಯುಂಡ್" ಎಂದಳು. ಮಲಯಾಳದಲ್ಲಿ 'ಪನಿ' ಎಂದರೆ ಜ್ವರ. ನನಗೆ ಜ್ವರ ಇದೆ ಎಂದು ಅವಳು ಹೇಳಿದ್ದು. ನನಗೆ ಕೇಳಿಸಿದ್ದು 'ಪಣಿಯುಂಡ್', ಬೇರೆ ಕಡೆ ಕೆಲಸ ಇದೆ ಎಂದು. ಹಣ್ಣು ಉದುರುವ ಹೊತ್ತಿನಲ್ಲಿ ಬೇರೆ ತೋಟಕ್ಕೆ ಹೋಗುತ್ತಾಳಲ್ಲ ಎಂದು ರೇಗಿ, "ಹಾಗಾದರೆ ಅಲ್ಲಿಗೇ ಹೋಗು, ಇನ್ನು ಇಲ್ಲಿ ಕಾಲಿಡಬೇಡ" ಎಂದೆ. ಅವಳು ಬೇಗೂರಿನ ದಾರಿ ಹಿಡಿದಳು. ಕೆಲವು ದಿನದ ಮೇಲೆ ಅವಳು ಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿದ್ದ ಸುದ್ದಿ ಬಂತು. ಆಗಲೇ ನನಗೆ ತಿಳಿದದ್ದು.

ಕಿವಿ ಮೋಸಮಾಡಿತು, ಸರಿ. ತಿಳಿದ ಮೇಲೂ ನಾನು ಅವಳನ್ನು ಕರೆಸಲಿಲ್ಲ. ಯಜಮಾನರು ಕೇಳಿದಾಗ, "ಅವಳೇ ಬೇರೆ ಕೆಲಸಕ್ಕೆ ಬಿಟ್ಟುಹೋದಳು" ಎಂದೆ. ಆಳುಗಳಿಗೂ ಹಾಗೇ ಹೇಳಿದೆ. ಮಲಯಾಳ ಬರುವ ಕನ್ನಡದ ರೈಟರು ಎಂಬ ಹೆಸರು ಕೆಡಬಾರದಿತ್ತು ನನಗೆ.

ಕಾಟಿಕುಳದಲ್ಲಿ ಮಗಳು ಗೌರಿ ಅಂಗಡಿಯ ಮುಂದೆಯೇ ಕಾಯುತ್ತಿದ್ದಳು. ಅಳಿಯನ ಮನೆಯವರು ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ದಿನಸಿ ವ್ಯಾಪಾರಕ್ಕೆ ನೆಲೆನಿಂತವರು. ರಸ್ತೆಯುದ್ದಕ್ಕೂ ಅಂಗಳಗಳಲ್ಲಿ ಕಾಫಿ ಹಣ್ಣು ಒಣಹಾಕಿದ್ದರು. ಆ ಹುಳಿ ವಾಸನೆಗೆ ವಯಸ್ಸೇ ಆಗಿಲ್ಲ. ಮಧ್ಯಾಹ್ನ ಬೇಯಿಸಿದ ಮರಗೆಣಸು, ಕಾಂತಾರಿ ಮೆಣಸಿನ ಚಟ್ನಿ. ರಾತ್ರಿಗೆ ನಾನು ತಂದ ಹಿಟ್ಟಿನ ಮುದ್ದೆ, ಅವರೆಕಾಳಿನ ಸಾರು. ಹಾಲಿಲ್ಲದ ಕಟ್ಟನ್ ಚಹಾ ಕುಡಿಯುತ್ತಾ ಶ್ರುತಿಗೆ ಎಲ್ಲವನ್ನೂ ಹೇಳಲು ಬಾಯಿ ತೆರೆದೆ. ಅವಳು, "ತಾತ, ಮಕ್ಕಳಿಗೆ ಹೇಳಿಬಿಟ್ಟಿದ್ದೀನಿ, ಓದದೇನೆ ಮ್ಯಾನೇಜ್‌ಮೆಂಟ್ ಗೊತ್ತಿರೋ ಮನುಷ್ಯ ಬರ್ತಾರೆ ಅಂತ" ಎಂದು ನಕ್ಕಳು. ತೆರೆದ ಬಾಯಿಗೆ ಚಹಾ ಸುರಿದುಕೊಂಡೆ.

ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಕಾಲೇಜಿಗೆ ಹೋದೆವು. ತರಗತಿಯ ಕಿಟಕಿಯಾಚೆ ಮೆಣಸಿನ ಬಳ್ಳಿ. ಶ್ರುತಿ ಬೋರ್ಡಿನ ಮೇಲೆ ಪ್ಲಾನಿಂಗ್, ಆರ್ಗನೈಸಿಂಗ್, ಸ್ಟಾಫಿಂಗ್ ಎಂದು ಸಾಲಾಗಿ ಬರೆದು ಬಿಟ್ಟುಬಿಟ್ಟಳು. ಆಮೇಲೆ ಅದರ ಸುದ್ದಿಯನ್ನೇ ಎತ್ತಲಿಲ್ಲ. ಚೇಕಾಡಿಯ ಪರಿಮಳದ ಅಕ್ಕಿಯನ್ನು ಕಾಲೇಜಿನ ಸಂತೆಯಲ್ಲಿ ಮಾರಬೇಕು, ಯಾರು ಏನು ಮಾಡುತ್ತೀರಿ ಎಂದು ಕೇಳಿದಳು. ಮುಂದಿನ ಬೆಂಚಿನ ಹುಡುಗರೆಲ್ಲ ಮ್ಯಾನೇಜರಾಗಲು ಕೈಯೆತ್ತಿದರು.

"ಎಲ್ಲರೂ ಮ್ಯಾನೇಜರಾದರೆ ಚೀಲ ಹೊಲಿಯೋರು ಯಾರು?" ಎಂದಳು ಮಲಯಾಳದಲ್ಲಿ.

"ಅದಕ್ಕೊಬ್ಬ ಮ್ಯಾನೇಜರನ್ನ ಇಡೋಣ ಮಿಸ್" ಎಂದ ಅಜ್ಮಲ್ ಎಂಬ ಹುಡುಗ. ತರಗತಿ ಗೊಳ್ಳೆಂದಿತು.

ಅವಳು ಅವನಿಗೇ ಚೀಲದ ಕೆಲಸ ಒಪ್ಪಿಸಿ, ಏನೇನು ಮಾಡಬೇಕೆಂದು ಹೇಳಿ, "ಈಗ ನಾನು ಏನಂದೆ ಹೇಳು" ಎಂದಳು. ಅವನು ತಿರುಗಿ ಹೇಳಿದ, ಆದರೆ ತೂಕ ಬರೆಯುವುದನ್ನೇ ಬಿಟ್ಟಿದ್ದ. "ನೋಡಿ, ಹೇಳಿದವರ ಕೆಲಸ ಹೇಳಿದ ಕೂಡಲೇ ಮುಗಿಯಲ್ಲ. ಕೇಳಿದವರ ಬಾಯಿಂದ ಅದು ವಾಪಸು ಬಂದಾಗ ಮುಗಿಯುತ್ತೆ. ನಾನು ಏನಂದೆ ಅಂತ ಕೇಳೋಕೆ ನಾಚಿಕೆ ಪಡಬೇಡಿ." ಇಷ್ಟು ಸಣ್ಣ ವಯಸ್ಸಿಗೆ ಇದನ್ನು ಎಲ್ಲಿ ಕಲಿತಳೋ. ನನ್ನ ಮಗಳ ಮಗಳು ಎಂಬ ಹೆಮ್ಮೆಯ ಜೊತೆಗೇ ಕುರ್ಚಿ ಬಿಸಿಯಾಗತೊಡಗಿತು.

ಆಮೇಲೆ ಬರೆದು ತಂದದ್ದನ್ನು ಓದಿ ನನ್ನ ಪರಿಚಯ ಮಾಡಿಸಿದಳು. ನನ್ನ ಸರದಿ ಬಂತು. ನನ್ನ ಹಳೆಯ ಮಲಯಾಳದಲ್ಲೇ ಶುರುಮಾಡಿದೆ. "ತೋಟದಲ್ಲಿ ಮೊದಲು ಬೇಕಾದ್ದು ಹೊತ್ತಿಗೆ ಸರಿಯಾಗಿ ಜನ ಸೇರುವುದು. ನಾನು ದಿನಾ ಬೆಳಿಗ್ಗೆ ಪಾಡಿಯ ಮುಂದೆ, ಅಂದರೆ ಆಳುಗಳ ಲೈನ್ ಮನೆಗಳ ಮುಂದೆ ನಿಂತು ಕೂಗುತ್ತಿದ್ದೆ, ಎಲ್ಲಾರುಂ ಪನಿಕ್ಕ್ ವಾ!"

ತರಗತಿ ಒಡೆದು ಬಿದ್ದ ಹಾಗೆ ನಕ್ಕಿತು. ನಾನು ಏನು ತಮಾಷೆ ಮಾಡಿದೆನೋ ತಿಳಿಯದೆ ನಾನೂ ನಕ್ಕೆ. ಹಿಂದಿನ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು, ಕನ್ನಡದಲ್ಲಿ, ನಮ್ಮ ಕಡೆಯದೇ ಕನ್ನಡದಲ್ಲಿ ಅಂದಳು:

"ತಾತ, ಬೇಜಾರ್ ಮಾಡ್ಕೋಬೇಡಿ. ನೀವು ಕೆಲಸಕ್ಕೆ ಬನ್ನಿ ಅನ್ನಲಿಲ್ಲ. ಜ್ವರಕ್ಕೆ ಬನ್ನಿ ಅಂದ್ರಿ. ಅದಕ್ಕೇ ನಮ್ಮಜ್ಜಿಯೋರು ನಿಮಗೆ ಪನಿ ರೈಟ್ರು ಅನ್ನೋದು. ಜ್ವರದ ರೈಟ್ರು."

ಅವಳೇ ರಜನಿ.

ಹೈಸ್ಕೂಲಿನ ಕನ್ನಡ ಮೇಷ್ಟರು ನೆನಪಾದರು. ನಾನು ಹಣ್ಣಿಗೆ ಹನ್ನು, ಕಣ್ಣಿಗೆ ಕನ್ನು ಅನ್ನುತ್ತಿದ್ದೆ. ಣಕಾರ ಬರಲಿ ಎಂದು ಅವರು ಕಿವಿ ಹಿಂಡಿದ್ದೇ ಹಿಂಡಿದ್ದು. ಬರವಣಿಗೆಯಲ್ಲಿ ಬಂತು, ನಾಲಿಗೆಗೆ ಬರಲಿಲ್ಲ. ಬೊಮ್ಮಿಯ ಮಾತನ್ನು ನಾನು ತಪ್ಪಾಗಿ ಕೇಳಿದ್ದು ಗೊತ್ತಿತ್ತು. ಅವಳನ್ನೂ ಎಲ್ಲರನ್ನೂ ಪ್ರತಿದಿನ ಬೆಳಿಗ್ಗೆ ಜ್ವರಕ್ಕೆ ಕರೆಯುತ್ತಿದ್ದೆ ಎಂಬುದು ಗೊತ್ತಿರಲಿಲ್ಲ. ಕರೆದ ಹಾಗೆ ಜ್ವರದೊಂದಿಗೇ ಬಂದವಳನ್ನು ಓಡಿಸಿದ್ದೆ.

ಮಕ್ಕಳ ನಗು ಇಳಿಯುವವರೆಗೆ ಕಾದೆ. ಆಮೇಲೆ ಎಲ್ಲವನ್ನೂ ಹೇಳಿದೆ, ಯಜಮಾನರಿಗೆ ಹೇಳಿದ ಸುಳ್ಳಿನ ಸಮೇತ. ಮಲಯಾಳ ಸಾಲದಾದಾಗ ಕನ್ನಡಕ್ಕೆ ಜಾರಿದೆ. ಶ್ರುತಿ ಗೋಡೆಗೆ ಒರಗಿ ನಿಂತು, ತಲೆಯೆತ್ತದೆ, ಒಂದು ಮಾತೂ ಬಿಡದೆ ಮಲಯಾಳಕ್ಕೆ ತಿರುಗಿಸಿದಳು. ಸುಳ್ಳಿನ ಜಾಗದಲ್ಲಿ ಮಾತ್ರ ಅವಳ ದನಿ ಸಣ್ಣದಾಯಿತು.

"ಗೊತ್ತಾದ ಮೇಲೂ ಯಾಕೆ ಕರೀಲಿಲ್ಲ?" ಎಂದು ಕೇಳಿದ್ದು ಅದೇ ಅಜ್ಮಲ್. ಈಗ ಅವನು ನಗುತ್ತಿರಲಿಲ್ಲ.

"ಕರೆದರೆ ತಪ್ಪು ನಂದು ಅಂತ ಆಗುತ್ತಿತ್ತಪ್ಪ."

ಗಂಟೆ ಹೊಡೆಯಿತು. ವರಾಂಡದಲ್ಲಿ ಶ್ರುತಿಯ ಮುಖ ನೋಡಲು ಅಳುಕಿದೆ. ಅವಳು ನನ್ನ ಚೀಲ ಕಸಿದುಕೊಂಡು, "ನಿನ್ನೆ ರಾತ್ರಿನೇ ಹೇಳಬಾರದಿತ್ತಾ? ನಾನು ದೊಡ್ಡ ಭಾಷಣ ಬರೆದು ಪರಿಚಯ ಮಾಡಿಸಿಬಿಟ್ಟೆನಲ್ಲ" ಎಂದಳು. ಕಣ್ಣು ಒದ್ದೆ, ದನಿಯಲ್ಲಿ ಸಿಟ್ಟು. ಸ್ವಲ್ಪ ದೂರ ನಡೆದ ಮೇಲೆ, "ಬೇಗೂರಿಗೆ ಜೀಪು ಸಿಗುತ್ತೆ. ರಜನಿ ಕರ್ಕೊಂಡು ಹೋಗ್ತಾಳೆ. ನಾನು ಬರಲ್ಲ, ಅದು ನಿಮ್ಮದು" ಎಂದಳು.

ಕಾಟಿಕುಳದಿಂದ ತೋಲ್ಪೆಟ್ಟಿಯ ರಸ್ತೆಯಲ್ಲಿ ಜೀಪು ಕಾಡಿನೊಳಗೇ ಸಾಗಿತು. ಬೆತ್ತದ ಪೊದೆ, ಒಣಗಿದ ಬಿದಿರು, ದಾರಿ ಬದಿಯಲ್ಲಿ ಹಿಂಡು ಜಿಂಕೆ. ಇಳಿದು ಸ್ವಲ್ಪ ನಡೆದರೆ ಕಾಡಿನವರ ಮನೆಗಳ ಹಾಡಿ. ಹೆಂಚಿನ ಮನೆಯ ಜಗಲಿಯಲ್ಲಿ ಬೊಮ್ಮಿ ಕೂತು ಹಸಿ ಕಾಳುಮೆಣಸಿನ ಗೊಂಚಲು ಬಿಡಿಸುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಬಂದ್ರಾ ಪನಿ ರೈಟ್ರು" ಎಂದಳು.

ಕನ್ನಡ! ನಾನು ನಿಂತಲ್ಲೇ ನಿಂತೆ. ಅವಳ ಮಾತಿನಲ್ಲಿ ಅಲ್ಲೊಂದು ಇಲ್ಲೊಂದು ಮಲಯಾಳದ ಪದ ಇತ್ತು, ಕಾಡಿನವರ ಎಳೆತ ಇತ್ತು. ಆದರೂ ನನ್ನ ಊರಿನಾಚೆಯ ಹಾಡಿಗಳಲ್ಲಿ ಕೇಳುವ ಕನ್ನಡವೇ.

"ನಿನಗೆ ಕನ್ನಡ ಬರುತ್ತಿತ್ತಾ ಬೊಮ್ಮಿ? ಆವತ್ತು ಜ್ವರ ಅನ್ನಬಾರದಿತ್ತಾ?"

"ಜರ ಅನ್ನಕ್ಕೆ ಎಷ್ಟೊತ್ತು? ಮೊದಲ್ನೇ ದಿನವೇ ಕನ್ನಡ ಆಡ್ದೆ ನಾನು, ಬುದ್ಧಿ. ನೀವೇನಂದ್ರಿ? ಇಲ್ಲಿ ಮಲಯಾಳ ಆಡು, ನಾನು ನಿನ್ನ ಊರೋನಲ್ಲ ಅಂದ್ರಿ. ನೀವು ಆಡ್ಸಿದ್ದನ್ನೇ ಆಡ್ದೆ. ನಿಮಗೂ ಬರದು, ನನಗೂ ಅರೆಬರೆ."

ನನಗೆ ಅದು ನೆನಪೇ ಇರಲಿಲ್ಲ. ನೆನಪಿಲ್ಲದಿದ್ದರೂ ಸುಳ್ಳಲ್ಲ ಎಂದು ಗೊತ್ತಾಯಿತು. ಕಾಡಿನ ಜನರ ಜೊತೆ ಒಂದೇ ಮಾತು ಆಡುವುದನ್ನು ಯಜಮಾನರು ನೋಡಬಾರದು ಎಂಬ ಹೆದರಿಕೆ ಆಗ ನನಗಿತ್ತು. ಒಂದೇ ಭಾಷೆಯ ಇಬ್ಬರು ಇಬ್ಬರದೂ ಅಲ್ಲದ ಭಾಷೆಯಲ್ಲಿ ಮಾತಾಡಿ ಕೆಟ್ಟಿದ್ದೆವು. ಕೆಡಿಸಿದವನು ನಾನು.

"ತಪ್ಪಾಯಿತು" ಎಂದೆ.

ಬೊಮ್ಮಿ ಮೆಣಸು ಬಿಡಿಸುತ್ತಲೇ ಹೇಳಿದಳು. "ಬೇಜಾರು ಕೆಲಸ ಹೋಗಿದ್ದಕ್ಕಲ್ಲ. ಕಾಡಿತ್ತು, ಬೇರೆ ತೋಟ ಇತ್ತು. ಕುಯ್ಲಿನ ನಡುವೆ ಓಡೋದಳು ಅಂತ ಎಲ್ಲಾರ್ಗೂ ಹೇಳ್ಬುಟ್ರಲ್ಲ, ಅದು. ನನ್ನ ಸಾಲಲ್ಲಿ ಕುಯ್ತಿದ್ದ ಜಾನು ಸಾಯೋಗಂಟ ನನ್ನ ಹತ್ರ ಮಾತಾಡ್ಲಿಲ್ಲ. ಅವಳ ಪಾಲಿಗೆ ನನ್ನ ಸಾಲೂ ಬಿತ್ತಂತೆ."

ಜಾನು ಈಗಿಲ್ಲ. ಅದನ್ನು ನಾನು ಎಲ್ಲಿ ಹೋಗಿ ಸರಿಮಾಡಲಿ? ತಲೆ ತಗ್ಗಿಸಿ ನಿಂತೆ. ಇಷ್ಟು ಹೊತ್ತಾದರೂ ಅವಳು ಕೂರು ಎಂದಿರಲಿಲ್ಲ.

ಆಗ ರಜನಿ ಮುಂದೆ ಬಂದಳು. "ಅಜ್ಜಿ, ತಾತ ಇವತ್ತು ಕ್ಲಾಸಲ್ಲಿ ಹೇಳಿದ್ರು. ನೀನು ಓಡೋಗಲಿಲ್ಲ, ನಿಂಗೆ ಜರ ಇತ್ತು, ನಾನೇ ಸುಳ್ಳು ಹೇಳಿದ್ದು ಅಂತ. ಎಲ್ಲಾರ ಎದ್ರಿಗೂ."

ಬೊಮ್ಮಿಯ ಕೈ ನಿಂತಿತು. "ಎಲ್ಲಾರ ಎದ್ರಿಗಾ? ಆ ಟೀಚರಮ್ಮನ ಎದ್ರಿಗೂವೆ?"

"ಟೀಚರಮ್ಮನೇ ಮಲಯಾಳದಲ್ಲಿ ಹೇಳಿದ್ದು."

"ಅವ್ರ ಮೊಮ್ಮಗಳಲ್ವಾ ಅದು?"

"ಹೂಂ ಅಜ್ಜಿ."

ಬೊಮ್ಮಿ ಮೆಣಸಿನ ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. "ಕೂತ್ಕೊಳ್ಳಿ" ಎಂದಳು.

ಕೂತೆ. ರಜನಿ ಕಟ್ಟನ್ ಚಹಾ ತಂದಳು, ಜೊತೆಗೆ ಒಂದು ತಟ್ಟೆಯಲ್ಲಿ ಜೇನು. ನಾವಿಬ್ಬರೂ ತೋಟದ ಹಳಬರನ್ನು ನೆನೆದೆವು; ಬಹಳ ಜನ ಹೋಗಿದ್ದರು. ಬೆಳಿಗ್ಗೆ ನಾನು ಕೂಗಿದಾಗ ಪಾಡಿಯೊಳಗೆ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದುದನ್ನು ಅವಳು ಎದ್ದು ನಿಂತು ಮಾಡಿ ತೋರಿಸಿದಳು. ಕೊನೆಗೆ ನನ್ನನ್ನೇ ಹಿಡಿದಳು. "ಎಲ್ಲಿ, ಪಣಿ ಅನ್ನಿ."

"ಪನಿ."

"ನಾಲಿಗೆ ಮಡಚಿ ಬುದ್ಧಿ. ಪಣಿ."

"ಪನಿ."

"ಬುಡಿ ಅತ್ಲಾಗೆ. ಜೋಲಿ ಅನ್ನಿ. ಅದೂ ಕೆಲಸವೇ. ಯಾರ್ಗೂ ಜರ ಬರಕ್ಕಿಲ್ಲ."

ಹೊರಡುವಾಗ ಒಂದು ಸಣ್ಣ ಬಾಟಲಿಯಲ್ಲಿ ಜೇನು ಕೊಟ್ಟಳು. ಶ್ರುತಿಗಂತೆ, ನನಗಲ್ಲ. ಹಾಗೆಂದು ಎರಡು ಸಲ ಹೇಳಿದಳು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಹೊರಟೆ. ಸಂಜೆ ಆರಕ್ಕೆ ಬಾವಲಿಯ ಕಾಡಿನ ಗೇಟು ಮುಚ್ಚುತ್ತಾರೆ. ಹತ್ತಿಸಲು ಬಂದ ಶ್ರುತಿ ನನ್ನ ಅಂಗಿಯ ಕಾಲರ್ ಸರಿಮಾಡಿ, "ಮುಂದಿನ ವರ್ಷದ ಮಕ್ಕಳಿಗೂ ಇದೇ ಪಾಠ. ಬರಬೇಕು" ಎಂದಳು. ಸಿಟ್ಟು ಇಳಿದಿತ್ತು. ಬಸ್ಸು ತಿರುಗುವವರೆಗೂ ಅಲ್ಲೇ ನಿಂತಿದ್ದಳು.

ಪಕ್ಕದಲ್ಲಿ ಸ್ವೆಟರ್ ಹಾಕಿದ ಮುದುಕಿಯೊಬ್ಬರು ಕೂತಿದ್ದರು. ವಯನಾಡಿಗೆ ಯಾಕೆ ಬಂದಿದ್ದಿರಿ ಎಂದು ಮಲಯಾಳದಲ್ಲಿ ಕೇಳಿದರು. ಒಂದು ಕೆಲಸ ಇತ್ತು, ಮುಗಿಯಿತು ಎನ್ನಬೇಕಿತ್ತು. ಜೋಲಿ ಎಂದರೆ ಆಗುತ್ತಿತ್ತು. ಆದರೂ ಒಂದು ಸಲ ನೋಡೋಣ ಎನಿಸಿತು. ನಾಲಿಗೆಯನ್ನು ಚೆನ್ನಾಗಿ ಮಡಚಿ, ನಿಧಾನವಾಗಿ, "ಪಣಿ ಕಳಿಞ್ಞು" ಎಂದೆ. ಈ ಸಲ ಸರಿಯಾಗಿ ಬಂತೆಂದೇ ಅನಿಸಿತು.

ಅವರು ತಲೆಯಾಡಿಸಿದರು. ಶ್ರುತಿಯ ಪಾಠ ನೆನಪಾಯಿತು. ನಾಚಿಕೆ ಬಿಟ್ಟು, "ನಾನು ಏನಂದೆ?" ಎಂದು ಕೇಳಿದೆ.

"ಪನಿ ಮಾರಿ ಎನ್ನಲ್ಲೇ?" ಎಂದರು ಅವರು. ಜ್ವರ ಬಿಟ್ಟಿತು ಅಂದಿರಲ್ಲ? ಆಮೇಲೆ ಕೈ ಚಾಚಿ, ಚಳಿಗಾಳಿ ಹೊಡೆಯದ ಹಾಗೆ ನನ್ನ ಕಡೆಯ ಕಿಟಕಿಯ ಗಾಜನ್ನು ಎಳೆದು ಮುಚ್ಚಿದರು.

ಹೌದು ಎಂದೆ.