ಹರಾಜು ಕೂಗುವವನ ಗಂಟಲು

ಕ್ರೇಟುಗಳ ಮೇಲೆ ನಿಂತು ಅವನು ಬಾಯಿ ತೆರೆದರೆ ಸಾಕು, ತರಕಾರಿ ಮಂಡಿಯ ಆಚೆ ತುದಿಯ ಲಾರಿಯವರಿಗೂ ಬೆಲೆ ಕೇಳಿಸುತ್ತಿತ್ತು. ಅಂಥ ಹರಾಜು ಕೂಗುವವನ ಗಂಟಲು ಕಟ್ಟಿಹೋಯಿತು. ಪಕ್ಕದಲ್ಲಿ ನಿಂತವರೇ "ಏನಂದೆ?" ಎಂದು ಕೇಳುವಂತಾಯಿತು.

ಹೆಂಡತಿಯ ತಮ್ಮ ಅವನನ್ನು ಯಾವುದೋ ಸ್ವರ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ದ. ಅಲ್ಲಿನವನು ಕುತ್ತಿಗೆಗೆ ಎಣ್ಣೆ ತಿಕ್ಕಿ, ಹಬೆ ಕೊಟ್ಟು, "ಇನ್ನೊಂದು ಕೋರ್ಸ್ ಆಗ್ಲಿ, ಗ್ಯಾರಂಟಿ! ಸಿಂಹದ ಹಾಗೆ ಗರ್ಜಿಸ್ತೀರಿ" ಎಂದ. ಕೋರ್ಸ್ ಮೇಲೆ ಕೋರ್ಸ್ ಮುಗಿದರೂ ಗರ್ಜನೆ ಬರಲಿಲ್ಲ, ಕೆಮ್ಮು ಬಂತು.

ಹೆಂಡತಿ ಬಟ್ಟೆ ಇಸ್ತ್ರಿ ಮಾಡುವವಳು. ಒಂದು ಸಂಜೆ ಪೆಟ್ಟಿಗೆ ಪಕ್ಕಕ್ಕಿಟ್ಟು ತಮ್ಮನನ್ನು ಕೇಳಿದಳು: "ಇಷ್ಟು ಸಲ ಹೋದ್ರಲ್ಲ, ಒಂದ್ಸಲನಾದ್ರೂ ಅವನು ಗಂಟಲೊಳಗೆ ನೋಡಿದ್ನಾ?"

ತಮ್ಮ ತಲೆ ಕೆರೆದುಕೊಂಡ. "ಹೊರಗಿಂದ ಮುಟ್ಟಿ ನೋಡಿದ್ರು ಅಕ್ಕ."

"ಸಾಕು ಬಿಡು. ಇನ್ನು ನಾನೇ ಹುಡುಕ್ತೀನಿ."

ಬಟ್ಟೆ ಕೊಡಲು ಹೋದ ಮನೆಯಲ್ಲೆಲ್ಲ ವಿಚಾರಿಸಿದಳು. ಒಳ್ಳೆಯ ಡಾಕ್ಟರು ಯಾರು ಎಂದಲ್ಲ. ಹಾಗೆ ಕೇಳಿದರೆ ಎಲ್ಲರೂ ತಮ್ಮ ನೆಂಟರನ್ನೇ ತೋರಿಸುತ್ತಾರೆ. "ದನಿ ಹೋಗಿ ವಾಪಸ್ ಬಂದೋರು ಯಾರಾದ್ರೂ ಗೊತ್ತಾ?" ಎಂದು ಕೇಳುತ್ತಿದ್ದಳು. ಹಲವರು ನಕ್ಕರು. ಅವಳು ಬಿಡಲಿಲ್ಲ. ಕೊನೆಗೆ ಅಂಥ ಒಬ್ಬ ಶಾಲಾ ಟೀಚರ್ ಸಿಕ್ಕಿ, ತಾವು ತೋರಿಸಿಕೊಂಡ ಕ್ಲಿನಿಕ್ಕಿನ ಹೆಸರು ಹೇಳಿದರು. ಅಷ್ಟಕ್ಕೂ ಸಮಾಧಾನವಾಗದೆ ಅವಳು ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತು, ಹೊರಬಂದವರನ್ನೆಲ್ಲ ಮಾತಾಡಿಸಿದಳು.

ಕಾಂಪೌಂಡರ್ ರೇಗಿದ. "ನೀವೇನು ಪೇಷೆಂಟಾ, ಪೊಲೀಸಾ?"

"ಪೇಷೆಂಟಿನ ಹೆಂಡ್ತಿ. ಎರಡೂ ಒಂದೇ."

ಮರುದಿನ ಗಂಡನನ್ನು ಕರೆತಂದಳು. ಡಾಕ್ಟರಮ್ಮ ಸಣ್ಣ ಕ್ಯಾಮೆರಾ ಇಳಿಸಿ, ಧ್ವನಿ ತಂತುವಿನ ಮೇಲಿದ್ದ ಗಂಟನ್ನು ಪರದೆಯಲ್ಲಿ ತೋರಿಸಿದರು. "ಕೂಗಿ ಕೂಗಿ ಜಡ್ಡುಗಟ್ಟಿದೆ."

"ಗ್ಯಾರಂಟಿ ಕೊಡ್ತೀರಾ?" ಅವಳು ಬೇಕೆಂದೇ ಕೇಳಿದಳು.

"ಇಲ್ಲಮ್ಮ. ಮೊದಲು ಬಾಯಿಗೆ ಬೀಗ. ಆಮೇಲೆ ಧ್ವನಿಗೆ ವ್ಯಾಯಾಮ ಕಲಿಸೋರ ಹತ್ರ ಕಳಿಸ್ತೀನಿ. ಅದಕ್ಕೂ ಬಗ್ಗದಿದ್ರೆ ಆಪರೇಷನ್ ಮಾಡೋರ ಹತ್ರ. ನನ್ನ ಕೈಲಾಗದ್ದನ್ನ ನಾನು ಇಟ್ಕೊಳ್ಳಲ್ಲ."

"ಹಾಗಾದ್ರೆ ನಿಮ್ಮ ಹತ್ರಾನೇ ತೋರಿಸ್ತೀವಿ."

ಆಪರೇಷನ್ ಬೇಕಾಗಲಿಲ್ಲ. ಆದರೆ ಅವನನ್ನು ಸುಮ್ಮನಿರಿಸುವುದು ಅವಳಿಗೆ ಸಾಕುಬೇಕಾಯಿತು. ಪಿಸುಮಾತಿಗೂ ಕಣ್ಣು ಕೆಕ್ಕರಿಸುತ್ತಿದ್ದಳು. ದನಿ ನಿಧಾನವಾಗಿ ಮರಳಿತು, ಮೊದಲಿನ ಅಬ್ಬರ ಮರಳಲಿಲ್ಲ. ಹರಾಜು ಕೂಗಲು ಇನ್ನು ಮೈಕು ಬೇಕಿತ್ತು, ಅದನ್ನು ಹಿಡಿಯಲು ಅವನಿಗೆ ನಾಚಿಕೆ. ಅವಳೇ ಮಂಡಿಯ ಯಜಮಾನರ ಬೆನ್ನು ಬಿದ್ದು ಮೈಕು ತರಿಸಿದಳು.

ಮೊದಲ ಹರಾಜಿನ ದಿನ ವ್ಯಾಪಾರಿಗಳು ಚಪ್ಪಾಳೆ ತಟ್ಟಿದರು. ಅದನ್ನೆಲ್ಲ ಬಣ್ಣಿಸಲು ಮನೆಗೆ ಓಡಿಬಂದ ಗಂಡನ ಕೈಗೆ ನೀರಿನ ಲೋಟ ಕೊಟ್ಟು ಅವಳು ಹೇಳಿದಳು: "ನಾಳೆ ಹೇಳಿ. ಇವತ್ತಿನ ಮಾತಿನ ಪಾಲು ಮುಗೀತು ರೀ."